ಪ್ರಗತಿ ಮೈದಾನದಲ್ಲಿ ನಿನ್ನ ಜೇನು

ಘಾಜಿಯಾಬಾದ್
14 ಡಿಸೆಂಬರ್ 1977

ಪ್ರೀತಿಯ ಗಂಗಮ್ಮಾ,

ನಿನ್ನ ಮಂಡಿನೋವು ಹೇಗಿದೆ? ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಸೀಸೆ ನೋಡಿದರೇ ನೋವು ಹೆದರಿ ಓಡಲಿ ಎಂದು ಕಪಾಟಿನಲ್ಲಿ ಇಟ್ಟಿದ್ದೀಯೋ? ಜೇನು ಕಚ್ಚಿ ಊದಿಕೊಂಡಿದ್ದ ಕೈಯ ಬಾವು ಇಳಿಯಿತೇ? ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ಚಳಿ ಬಲವಾಗಿದೆ. ಕಾರ್ಖಾನೆಯ ಗೇಟಿನಲ್ಲಿ ಕಾವಲಿನ ಬೆಳಗಿನ ಪಾಳಿ ಇದ್ದಾಗ ನೀನು ಹೆಣೆದ ಮಫ್ಲರೇ ಗತಿ. ಮೊನ್ನೆ ಆಸೆಪಟ್ಟು ಅಕ್ಕಿ ರೊಟ್ಟಿ ಮಾಡಿದೆ. ಪಕ್ಕದ ಮನೆಯ ನಾಯಿಗೆ ಹಾಕಿದರೆ ಅದೂ ಮೂಸಿ ನೋಡಿ, ನನ್ನ ಮುಖ ನೋಡಿ ಹೊರಟುಹೋಯಿತು.

ಸರಿ, ನೀನು ಕಾಯುತ್ತಿರುವುದು ಮೇಳದ ಸುದ್ದಿಗೆ ಎಂದು ಗೊತ್ತು. ಬೇಸಿಗೆಯ ರಜೆಯಲ್ಲಿ ನಾವು ಮಾಡಿಕೊಂಡ ಒಪ್ಪಂದ ನೆನಪಿದೆಯಲ್ಲ? ದೆಹಲಿಯ ಪ್ರಗತಿ ಮೈದಾನದ ಕೃಷಿ ಮೇಳದಲ್ಲಿ ನಿನ್ನ ಜೇನಿಗೆ ಒಬ್ಬ ಖಾಯಂ ವ್ಯಾಪಾರಿ ಸಿಕ್ಕಿದರೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ಸಿಗದಿದ್ದರೆ ನೀನು ಪೆಟ್ಟಿಗೆಗಳನ್ನೆಲ್ಲ ನಿನ್ನ ತಂಗಿ ದೇಚಮ್ಮನಿಗೆ ಕೊಟ್ಟು ಇಲ್ಲಿಗೆ ನನ್ನ ಹತ್ತಿರ ಬಂದು ಇರಬೇಕು. ಪಟಾಲಮ್ಮಿನಲ್ಲಿದ್ದಷ್ಟು ಕಾಲ ನೀನಲ್ಲಿ ನಾನಿಲ್ಲಿ, ಪಿಂಚಣಿ ಬಂದ ಮೇಲೂ ನೀನಲ್ಲಿ ನಾನಿಲ್ಲಿ, ಸಾಕಾಗಿದೆ ಎಂದು ನಾನೇ ಹಟ ಹಿಡಿದಿದ್ದೆ. ಅಷ್ಟೆಲ್ಲ ಬುದ್ಧಿ ಇರುವ ನೀನು ಜೇನು ಮಾರುವ ಕೆಲಸವನ್ನು ನನಗೇ ವಹಿಸಿದೆಯಲ್ಲ, ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು.

ನಮ್ಮ ರಾಜ್ಯದ ಮಳಿಗೆಯಲ್ಲಿ ಮೂಲೆಯ ಒಂದು ಮೇಜು ಸಿಕ್ಕಿತ್ತು. ನೀನು ಕಳಿಸಿದ ಸೀಸೆಗಳನ್ನು ಸಾಲಾಗಿ ನಿಲ್ಲಿಸಿದೆ. ಅವುಗಳ ಹಿಂದೆ ನಾನೂ ನಿಂತೆ, ಎದೆ ಸೆಟೆದು, ಕೈ ಹಿಂದೆ ಕಟ್ಟಿಕೊಂಡು. ಎರಡು ದಿನ ಒಬ್ಬನೂ ಹತ್ತಿರ ಬರಲಿಲ್ಲ. ಬಂದವರೂ ಟ್ರ್ಯಾಕ್ಟರುಗಳು ಎಲ್ಲಿ, ಹೊರಗೆ ಹೋಗುವ ದಾರಿ ಯಾವುದು ಎಂದು ಕೇಳಿ ಹೋದರು. ಎದುರಿಗೆ ಇಡ್ಲಿ ಕಾಫಿ ಅಂಗಡಿ ಹಾಕಿದ್ದ ಜಯಾನಂದ ಎಂಬವರು, ಕರೋಲ್ ಬಾಗಿನಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಕರಾವಳಿಯವರು, ನೋಡಿ ನೋಡಿ ಸಾಕಾಗಿ ಬಂದು, "ಸುಬೇದಾರ್ರೇ, ನೀವು ಹೀಗೆ ನಿಂತ್ರೆ ಯಾರು ಬರ್ತಾರೆ ಮಾರಾಯ್ರೇ? ಕೋವಿ ಒಂದು ಕಡಿಮೆ" ಎಂದರು. ನಾನು ನಕ್ಕೆ. ಒಳಗೊಳಗೇ ಖುಷಿಯಾಗಿತ್ತು ಗಂಗಮ್ಮಾ, ಸುಳ್ಳು ಹೇಳುವುದಿಲ್ಲ. ಆ ಸಂಜೆ ಬಸ್ಸಿನಲ್ಲಿ ಬರುವಾಗ ನಿನಗೆ ಮಂಚ ಯಾವ ಕಿಟಕಿಯ ಕಡೆ ಹಾಕುವುದು ಎಂದು ಯೋಚಿಸುತ್ತಿದ್ದೆ.

ಮೂರನೆಯ ಬೆಳಿಗ್ಗೆ ಹೋಗಿ ನೋಡಿದರೆ ಚಳಿಗೆ ಜೇನೆಲ್ಲ ಹರಳುಗಟ್ಟಿ ತುಪ್ಪದ ಹಾಗೆ ಬೆಳ್ಳಗೆ ಕೂತಿತ್ತು. ಶಾಲು ಹೊದ್ದ ಒಬ್ಬ ಹೆಂಗಸು ಸೀಸೆಯನ್ನು ಮಗುಚಿ ನೋಡಿ, ಇದರಲ್ಲಿ ಸಕ್ಕರೆ ಪಾಕ ಬೆರೆಸಿದ್ದಾರೆ, ಈ ಹೊರಗಿನಿಂದ ಬಂದವರದು ಇದೇ ಕಸುಬು ಎಂದು ಗಂಡನಿಗೆ ನಾಲ್ಕು ಜನ ಕೇಳುವ ಹಾಗೆ ಹೇಳಿದಳು. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಮೇಳ ಅಲ್ಲಿಗೆ ಮುಗಿದು ನೀನು ಇಲ್ಲಿಗೆ ಬರುತ್ತಿದ್ದೆ. ಆದರೆ ಅವಳು ನಿನ್ನನ್ನೇ ಕಳ್ಳಿ ಎಂದಂತಾಯಿತು. ಕಾಫಿ ಹೂ ಬಿಟ್ಟ ಕಾಲದಲ್ಲಿ ಸೆರಗು ಮುಖಕ್ಕೆ ಕಟ್ಟಿಕೊಂಡು ಒಂದೊಂದೇ ಪೆಟ್ಟಿಗೆ ತೆರೆದು ನೋಡುವ ನೀನು ಕಣ್ಣ ಮುಂದೆ ಬಂದೆ. ನನಗೆ ತಡೆಯಲಾಗಲಿಲ್ಲ.

ಲೇಹ್‌ನಲ್ಲಿದ್ದಾಗ ನೀನು ಒಂದು ಡಬ್ಬಿ ಜೇನು ಕಳಿಸಿದ್ದೆಯಲ್ಲ? ಅದು ಅಲ್ಲಿ ಕಲ್ಲಿನಂತಾಗಿ, ನಾನು ಚಾಕುವಿನಿಂದ ಕೆತ್ತಿ ಕೆತ್ತಿ ಚಳಿಗಾಲವಿಡೀ ತಿಂದಿದ್ದೆ. ಆ ಕಥೆಯನ್ನು ನನ್ನ ಪಟಾಲಂ ಹಿಂದಿಯಲ್ಲಿ ಆ ಹೆಂಗಸಿಗೆ ಹೇಳಿದೆ. ಜಯಾನಂದರ ಅಂಗಡಿಯಿಂದ ಬಿಸಿನೀರು ತರಿಸಿ ಸೀಸೆಯನ್ನು ಅದರಲ್ಲಿ ಇಟ್ಟೆ. ಸ್ವಲ್ಪ ಹೊತ್ತಿಗೆ ಕರಗಿ ಹೊನ್ನಿನ ಬಣ್ಣಕ್ಕೆ ಬಂತು. ಮುಚ್ಚಳ ತೆಗೆದಾಗ ನಮ್ಮ ತೋಟದ ಹೂವಿನ ವಾಸನೆ ಬಂತು. ಇದನ್ನು ಮಾಡಿದವಳು ನನ್ನ ಹೆಂಡತಿ, ಅವಳಿಗೆ ಮೋಸ ಮಾಡಲು ಬರುವುದಿಲ್ಲ ಎಂದೆ. ಆ ಹೆಂಗಸೇ ಎರಡು ಸೀಸೆ ಕೊಂಡಳು, ಒಂದು ಹರಳುಗಟ್ಟಿದ್ದು.

ಆಮೇಲೆ ನಾನು ಕುರ್ಚಿ ಹಾಕಿಕೊಂಡು ಕೂತೆ. ಕರಗಿದ್ದು ಒಂದು, ಹರಳುಗಟ್ಟಿದ್ದು ಒಂದು ಜೊತೆಯಲ್ಲಿಟ್ಟು ಬಂದವರಿಗೆಲ್ಲ ಚಮಚದಲ್ಲಿ ರುಚಿ ತೋರಿಸಿದೆ. ಜನ ತಾವೇ ಕೇಳಿದರು, ನಾನು ಹೇಳುತ್ತಾ ಹೋದೆ. ಮಧ್ಯಾಹ್ನ ಗದ್ದಲ ಇಳಿದ ಮೇಲೆ ಹಳೆ ದೆಹಲಿಯ ಸಗಟು ಪೇಟೆ ಖಾರಿ ಬಾವ್ಲಿಯ ವ್ಯಾಪಾರಿ, ಒಬ್ಬ ಮುದಿ ಲಾಲಾ ಬಂದರು, ಮಾರನೆಯ ದಿನವೂ ಬಂದರು. ಮಾಲು ಅವರಿಗೆ ಒಪ್ಪಿಗೆಯಾಗಿದೆ. ಆದರೆ ಮೇಳದಲ್ಲಿ ಕೈ ಕುಲುಕಿದ ಮುಕ್ಕಾಲು ಮಂದಿ ಊರಿಗೆ ಹೋದ ಮೇಲೆ ಕಾಗದಕ್ಕೆ ಉತ್ತರವನ್ನೇ ಬರೆಯುವುದಿಲ್ಲ, ನಿಮ್ಮ ಕಡೆ ಬರೆಯುವವರು ಯಾರು, ಹೊತ್ತಿಗೆ ಸರಿಯಾಗಿ ಮಾಲು ಕಟ್ಟಿ ಕಳಿಸುವವರು ಯಾರು ಎಂದು ಕೇಳಿದರು. ಒಬ್ಬರಿದ್ದಾರೆ ಎಂದು ಹೇಳಿದ್ದೇನೆ. ಅಂತೂ ನೀನು ಗೆದ್ದೆ. ಮಾತಿನ ಪ್ರಕಾರ ಪೆಟ್ಟಿಗೆಗಳು ನಿನ್ನ ಹತ್ತಿರವೇ ಇರಲಿ. ಹೊಸ ಪೆಟ್ಟಿಗೆಗೆ ಈಗಲೇ ಮರ ನೋಡಿಡು.

ದೇಚಮ್ಮನಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ನಮ್ಮ ಕುಲದ ಹಿರಿಯ ಕಾರಣವರೂ ದೇವರು ಇಗ್ಗುತ್ತಪ್ಪನೂ ನಿನ್ನ ಬೆನ್ನಿಗಿರಲಿ. ಚಳಿಯಲ್ಲಿ ಬರಿಗಾಲಿನಲ್ಲಿ ಅಂಗಳಕ್ಕೆ ಇಳಿಯಬೇಡ.

ನಿನ್ನ
ಬಿದ್ದಯ್ಯ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇಷ್ಟು. ನಾನು ಪ್ರತಿ ಕಾಗದದಲ್ಲೂ ಕೇಳುವ "ಯಾವಾಗ ಬರುತ್ತೀಯ" ಎಂಬ ಮಾತು ಇದರಲ್ಲಿ ಇಲ್ಲ, ನೋಡಿದೆಯಾ? ಕಾರ್ಖಾನೆಗೆ ನಿನ್ನೆ ರಾಜೀನಾಮೆ ಕೊಟ್ಟೆ. ಲಾಲಾರಿಗೆ ಉತ್ತರ ಬರೆಯಲು, ಸೀಸೆ ಕಟ್ಟಲು, ಮುಂದಿನ ಮೇಳಕ್ಕೆ ಹೋಗಲು ನಿನಗೊಬ್ಬ ಆಳು ಬೇಕಲ್ಲ. ಜನವರಿ ಕೊನೆಗೆ ಬರುತ್ತಿದ್ದಾನೆ. ಸಂಬಳ ಬೇಡವಂತೆ, ಅಕ್ಕಿ ರೊಟ್ಟಿ ಮಾತ್ರ ನೀನೇ ಮಾಡಬೇಕಂತೆ.