ಯಾವುದು ಇಷ್ಟ ಎಂದು ಅತ್ತೆ ಕೇಳಿದರು

ಅಮ್ಮಾ,

ನೀನಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ! ಮದುವೆಯಾಗಿ ಬೊಗೊಟಾ ಬಿಟ್ಟು ಎಡಿಲ್ಸನ್‌ನ ಹಳ್ಳಿಗೆ ಬಂದಮೇಲೆ ನಾನು ಕೋಳಿ ಸಾಕಿದ್ದೇನೆ. ಎಲ್ಲಕ್ಕೂ ಹೆಸರಿಟ್ಟು ಮುದ್ದು ಮಾಡುತ್ತೇನೆ! ಇವತ್ತು ಅತ್ತೆ ಮೊದಲ ಸಲ ನಮ್ಮ ಮನೆಗೆ ಬಂದರು. ಅಂಗಳದಲ್ಲಿ ನಿಂತು, "ಇದ್ರಲ್ಲಿ ಯಾವುದು ನಿಂಗೆ ತುಂಬಾ ಇಷ್ಟ?" ಎಂದರು. ನಾನು ಹಿಗ್ಗಿ, ದಾಲ್ಚಿನ್ನಿ ಬಣ್ಣದ ಕನೆಲಾಳನ್ನು ತೋರಿಸಿದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಮರಗೆಣಸು, ಬಾಳೆಕಾಯಿಯ ಜೊತೆ ಸಾರಿನಲ್ಲಿ ಬೇಯುತ್ತಿದ್ದಳು!

ಕಿರುಚಿಬಿಟ್ಟೆ. ಅತ್ತೆ ನಕ್ಕರು. "ಹೊಸ ಸೊಸೆ ಯಾವುದನ್ನ ತೋರಿಸ್ತಾಳೋ ಅದನ್ನೇ ಅವಳಿಗೆ ಕೊಯ್ಯೋದು ಕಣೇ. ನಿನ್ನ ಬೊಗೊಟಾದ ಇಂಗ್ಲಿಷ್ ಸ್ಕೂಲಲ್ಲಿ ಇದನ್ನ ಹೇಳ್ಕೊಡ್ಲಿಲ್ವಾ?"

"ನಿಂಗೆ ಗೊತ್ತಿದೆ ಅಂದ್ಕೊಂಡೆ" ಎಂದು ಎಡಿಲ್ಸನ್ ತಲೆ ತಗ್ಗಿಸಿದ.

ಕನೆಲಾ ಇನ್ನೂ ಇಡದೆ ಅವಳ ಹೊಟ್ಟೆಯಲ್ಲೇ ಇದ್ದ ಮೊಟ್ಟೆಗಳನ್ನು ಅತ್ತೆ ನನ್ನ ಬಟ್ಟಲಿಗೇ ಬಡಿಸಿದರು. ಚಿಪ್ಪಿಲ್ಲದ ಹಳದಿ ಉಂಡೆಗಳು, ಒಂದಕ್ಕಿಂತ ಒಂದು ಚಿಕ್ಕವು. "ತಿನ್ನು ಮಗಳೇ. ಮದುವೆಯಾದ ಹುಡುಗಿಗೆ ಇದನ್ನ ಅವಳ ಹೆತ್ತಮ್ಮನೇ ತಿನ್ನಿಸ್ಬೇಕು. ನಿಮ್ಮಮ್ಮ ಇಲ್ವಲ್ಲ, ಅದಕ್ಕೇ ನಾನ್ ಬಂದೆ."

ಬೇಡ ಎನ್ನಲು ಬಾಯಿ ತೆರೆದೆ. ಅವರು ಒಂದನ್ನು ಬಾಯಿಗೇ ಇಟ್ಟುಬಿಟ್ಟರು.

ಅಮ್ಮಾ, ತುಂಬಾ ರುಚಿಯಾಗಿತ್ತು. ನಾನೇ ಇನ್ನೊಂದು ಕೇಳಿದೆ.