ಥಾರ್ನ್‌ಸೀಯಲ್ಲಿ ನೋಡಲೇಬೇಕಾದ ಸ್ಥಳಗಳು

ರೆಸ್ಟನ್, ವರ್ಜಿನಿಯಾ
೨೨ ಜೂನ್ ೧೯೯೭

ಅಪ್ಪ,

ತೀರ್ಥರೂಪ ಎಂದು ಶುರು ಮಾಡಲು ಕೈ ಬರಲಿಲ್ಲ. ಹಾಗಾಗಿ ಬರೀ ಅಪ್ಪ.

ಆನ್ಸರಿಂಗ್ ಮಷೀನಿನಲ್ಲಿ ನಿಮ್ಮ ದನಿ ಆರು ಸಲ ಇದೆ. ಆರರಲ್ಲೂ ಅದೇ ಮಾತು. "ಶ್ರೀದೇವಿ, ಗೆಸ್ಟ್ ಹೌಸ್ ಛಲೋ ಇತ್ತೇನವಾ? ಸಮುದ್ರದ ಕಡೆ ರೂಮ್ ಸಿಕ್ತಿಲ್ಲೋ? ನಿಮ್ಮವ್ವ ಶಾರ್ಲಟ್‌ಗೆ ಮನಿಗೆ ಯಾಕ ಬರವಲ್ಲಳು?" ಫೋನಿನಲ್ಲಾದರೆ ಕಿರುಚಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ರೂಮು ಸಮುದ್ರದ ಕಡೆಗೇ ಸಿಕ್ಕಿತು. ನೀವು ಬರೆದುಕೊಟ್ಟ ಮೂರು ಗೆಸ್ಟ್ ಹೌಸುಗಳಲ್ಲಿ ಮೊದಲನೆಯದರಲ್ಲೇ ಇಳಿದುಕೊಂಡೆವು. ಮನೆಯೊಡತಿ ಮಿಸೆಸ್ ಪಿಕರಿಂಗ್‌ಗೆ ನೀವು ಮೊದಲೇ ಫೋನ್ ಮಾಡಿ, ನನ್ನ ಹೆಂಡತಿ ಮೊಟ್ಟೆ ಮುಟ್ಟುವುದಿಲ್ಲ ಎಂದು ಹೇಳಿಟ್ಟಿದ್ದಿರಂತೆ. ಎಷ್ಟು ಕಾಳಜಿ ನಿಮಗೆ. ನಾಲ್ಕು ಹಾಳೆ ತುಂಬ ಬರೆದುಕೊಟ್ಟಿದ್ದಿರಲ್ಲ, ಮೇಲೆ "ಥಾರ್ನ್‌ಸೀಯಲ್ಲಿ ನೋಡಲೇಬೇಕಾದ ಸ್ಥಳಗಳು" ಎಂದು ಎರಡೆರಡು ಗೆರೆ ಎಳೆದು. ಸಮುದ್ರದೊಳಕ್ಕೆ ಚಾಚಿದ ಮರದ ಸೇತುವೆ, ಗುಡ್ಡ ಹತ್ತುವ ಪುಟ್ಟ ರೈಲು, ದಂಡೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಕತ್ತೆಗಳು. ಅಲ್ಲಿ ಆಲೂಗಡ್ಡೆ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಕೇಳಿ ತಿನ್ನಿ ಎಂದೂ ಬರೆದಿದ್ದಿರಿ. ಕೊನೆಗೊಂದು ಸಾಲು: "ಊರಿನ ಉತ್ತರಕ್ಕೆ ಹೋಗಬೇಡಿ, ನೋಡುವಂಥದ್ದೇನೂ ಇಲ್ಲ."

ಆ ಸಾಲು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವ್ವ ಅಲ್ಲಿಗೆ ಕತ್ತೆ ನೋಡಲು ಹೋಗಲಿಲ್ಲ, ಅದು ನಿಮಗೂ ಗೊತ್ತಿತ್ತು. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು, ಎಪ್ಪತ್ತೊಂದರ ಮೇ ತಿಂಗಳಲ್ಲಿ, ನೀವು ಇಂಗ್ಲೆಂಡಿನ ಆ ಊರಿನ ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರಾಗಿದ್ದಾಗ, ಅವಳ ಮೊದಲ ಮಗ ಮೂರು ದಿನ ಬದುಕಿ ಹೋದ. ಅವಳು ಹೊಲಿಗೆ ಹಾಕಿಸಿಕೊಂಡು ಜ್ವರದಲ್ಲಿ ಮಲಗಿದ್ದಳು. ಎದ್ದು ಓಡಾಡುವಂತಿದ್ದರೂ ನಮ್ಮ ಕಡೆ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಎಲ್ಲ ನಿಮ್ಮ ಮೇಲೆ ಬಿಟ್ಟಳು. ಅಜ್ಜಿ ಧಾರವಾಡದಿಂದ ಮೊಮ್ಮಗನಿಗೆಂದು ಕಳಿಸಿದ್ದ ಪುಟ್ಟ ಲಿಂಗವನ್ನು ದಿಂಬಿನ ಕೆಳಗಿಂದ ತೆಗೆದು ನಿಮ್ಮ ಕೈಗೆ ಕೊಟ್ಟಳು. ಕೂಸಿನ ಅಂಗೈಯೊಳಗೆ ಲಿಂಗ ಇಟ್ಟು, ಹಣೆಗೆ ವಿಭೂತಿ ಹಚ್ಚಿ, ಸೋಮವಾರ ನಾನೇ ಮಣ್ಣು ಮಾಡಿದೆ ಎಂದಿರಿ. ಮಂಗಳವಾರ ಎಡಿನ್‌ಬರೋಗೆ ಪರೀಕ್ಷೆಗೆ ಹೋದಿರಿ. ನಾಲ್ಕು ವರ್ಷದ ಮೇಲೆ ಅಮೆರಿಕಕ್ಕೆ ಹೊರಡುವಾಗ ಅವಳು ಒಂದು ಸಲ ಆ ಜಾಗ ತೋರಿಸಿ ಎಂದರೆ, ರಸ್ತೆ ಅಗಲ ಮಾಡುವಾಗ ಎಲ್ಲ ಹೋಯಿತು ಎಂದಿರಿ. ಅವಳು ನಂಬಿದಳು.

ಈ ಸಲ ಅವಳು ಕೇಳಿದ್ದು ಆ ಊರಿನ ಗಾಳಿಯಲ್ಲಿ ನಾಲ್ಕು ದಿನ ಇದ್ದು ಬರಬೇಕು ಅಂತ ಅಷ್ಟೇ. ನಿಮಗೆ ರಜೆ ಸಿಗಲಿಲ್ಲ. ನಾನು ಕರೆದುಕೊಂಡು ಹೋದೆ.

ಎರಡನೆಯ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಅವ್ವ ಮಿಸೆಸ್ ಪಿಕರಿಂಗ್‌ಗೆ ತನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿಕೊಂಡಳು. ಆಕೆ ಟೋಸ್ಟ್ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟರು. ಊರಿನ ಸ್ಮಶಾನದ ಹತ್ತಿರ ಯಾವ ರಸ್ತೆಯನ್ನೂ ಅಗಲ ಮಾಡಿಲ್ಲ, ನನ್ನ ತಾಯಿಯನ್ನೂ ಅಲ್ಲೇ ಮಣ್ಣು ಮಾಡಿದ್ದೇವೆ, ಏಳನೇ ನಂಬರಿನ ಬಸ್ಸು ಗೇಟಿನ ಮುಂದೇ ನಿಲ್ಲುತ್ತದೆ ಎಂದರು. ನಿಮ್ಮ ನೋಡುವಂಥದ್ದೇನೂ ಇಲ್ಲದ ಉತ್ತರಕ್ಕೆ ಹೋಗುವ ಬಸ್ಸು, ಅಪ್ಪ.

ಸ್ಮಶಾನದ ಆಫೀಸಿನಲ್ಲಿದ್ದ ಹೆಂಗಸು ದಪ್ಪ ರಿಜಿಸ್ಟರ್ ತೆಗೆದು ಹತ್ತೇ ನಿಮಿಷದಲ್ಲಿ ಹುಡುಕಿದಳು. ಇಪ್ಪತ್ತಾರು ವರ್ಷ ಅವ್ವ ಅತ್ತದ್ದು ಆ ಹತ್ತು ನಿಮಿಷದ ಕೆಲಸಕ್ಕೆ. ಹೆಸರಿನ ಜಾಗದಲ್ಲಿ "ಪಾಟೀಲರ ಗಂಡು ಶಿಶು". ಬೇರೆ ಐದು ಕೂಸುಗಳ ಜೊತೆ ಒಂದೇ ಗುಂಡಿ. ಆಸ್ಪತ್ರೆಯವರೇ ಮಾಡಿದ್ದು, ತಂದೆಯ ಒಪ್ಪಿಗೆ ಸಹಿ ಇದೆ. ದಿನ ಗುರುವಾರ. ಹಾಜರಿದ್ದವರು ಯಾರೂ ಇಲ್ಲ.

ಗುರುವಾರ ನೀವು ಎಡಿನ್‌ಬರೋದಲ್ಲಿದ್ದಿರಿ.

ಅವ್ವ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದಳು. ಅಳಲಿಲ್ಲ. ಆ ಹೆಂಗಸು ತೋರಿಸಿದ ಹುಲ್ಲಿನ ಮೇಲೆ ಮಧ್ಯಾಹ್ನದವರೆಗೆ ಕೂತಳು. ಮಳೆ ಹನಿಯಲು ಶುರುವಾದರೂ ಏಳಲಿಲ್ಲ. ನಾನು ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ಹೆದರಿದ್ದಿರಿ ಎಂದರೆ ಒಪ್ಪುತ್ತೇನೆ. ಪರದೇಶ, ಇಪ್ಪತ್ತೊಂಬತ್ತು ವಯಸ್ಸು, ಎರಡು ಸಲ ನಪಾಸಾದ ಪರೀಕ್ಷೆ. ಕೂಸನ್ನು ಕೈಗೆ ತೆಗೆದುಕೊಳ್ಳಲು ಆಗಲಿಲ್ಲ ಎಂದಿದ್ದರೆ ಅವ್ವ ನಿಮ್ಮನ್ನೇ ಸಮಾಧಾನ ಮಾಡುತ್ತಿದ್ದಳು. ನನ್ನ ಸಿಟ್ಟು ಆ ಗುರುವಾರದ ಮೇಲಲ್ಲ, ಆಮೇಲಿನ ವರ್ಷಗಳ ಮೇಲೆ. ಪ್ರತಿ ಬಸವ ಜಯಂತಿಗೆ ಶಾರ್ಲಟ್‌ನಲ್ಲಿ ನಮ್ಮವರ ನಾಲ್ಕು ಮನೆ ಕೂಡಿದಾಗ, ಊಟವಾದ ಮೇಲೆ ಯಾರಾದರೂ ಇಂಗ್ಲೆಂಡಿನ ಮಾತು ತೆಗೆದರೆ, "ಈ ಕೈಯಾಗ ಮಣ್ಣು ಮಾಡೇನ್ರಿ" ಎಂದು ಎರಡೂ ಅಂಗೈ ಚಾಚಿ ತೋರಿಸುತ್ತಿದ್ದಿರಿ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಚಿಕ್ಕವಳು, ನಮ್ಮಪ್ಪನಂಥ ಅಪ್ಪ ಯಾರಿಗಿದ್ದಾರೆ ಎಂದುಕೊಳ್ಳುತ್ತಿದ್ದೆ. ಆ ಅಂಗೈ ಚಾಚಲು ನಿಮಗೆ ನಾಚಿಕೆಯಾಗಲಿಲ್ಲವೇ? ಊರೆಲ್ಲ ಮರ್ಯಾದಸ್ಥ ಡಾಕ್ಟರ್ ಎನ್ನುವ ನಿಮ್ಮನ್ನು ಕೇಳುತ್ತಿದ್ದೇನೆ.

ಥಾರ್ನ್‌ಸೀಯಿಂದ ಬಂದು ಒಂಬತ್ತು ದಿನವಾಯಿತು. ಅವ್ವ ನನ್ನ ಅಪಾರ್ಟ್‌ಮೆಂಟಿನಲ್ಲೇ ಇದ್ದಾಳೆ. ಅಡಿಗೆ ಮಾಡುತ್ತಾಳೆ, ಪೂಜೆ ಮಾಡುತ್ತಾಳೆ, ಮಷೀನಿನಲ್ಲಿ ನಿಮ್ಮ ದನಿ ಬಂದರೆ ಎದ್ದು ಬಾತ್‌ರೂಮಿಗೆ ಹೋಗುತ್ತಾಳೆ. ನಿಮ್ಮ ಬಗ್ಗೆ ಒಂದು ಕೆಟ್ಟ ಮಾತೂ ಆಡಿಲ್ಲ. ಇವತ್ತು ಮುಂಜಾನೆ ಪೂಜೆ ಮುಗಿಸಿ, ತನ್ನ ಲಿಂಗವನ್ನು ಕರಡಿಗೆಯೊಳಗೆ ಇಡುತ್ತಾ, ತಲೆ ಎತ್ತದೆ ಹೇಳಿದಳು: "ಕೂಸಿನ ಲಿಂಗ ಏನ್ ಮಾಡಿದ್ರಂತ ಕೇಳು. ಅಷ್ಟು ಹೇಳಿದ್ರ ಸಾಕು."

ಅದನ್ನೇ ಕೇಳಲು ಇಷ್ಟೆಲ್ಲ ಬರೆದೆ. ನಿಮ್ಮ ಹತ್ತಿರ ಇದ್ದರೆ ನೀವೇ ತನ್ನಿ. ಶಾರ್ಲಟ್‌ನಿಂದ ಇಲ್ಲಿಗೆ ಏಳು ತಾಸಿನ ದಾರಿ, ರಜೆ ಹಾಕಿ ಬನ್ನಿ. ಎಲ್ಲೋ ಎಸೆದಿದ್ದರೆ, ಆಗಲೂ ಬಂದು ಅವಳ ಮುಂದೆ ಕೂತು ಎಸೆದೆ ಎಂದು ಹೇಳಿ. ಮಷೀನಿನಲ್ಲಿ ಮಾತ್ರ ಹೇಳಿಡಬೇಡಿ.

ಆಶೀರ್ವಾದ ಬೇಡಿ ಕಾಗದ ಮುಗಿಸುವುದು ನೀವೇ ಕಲಿಸಿದ ರೂಢಿ. ಈ ಸಲ ಬೇಡುವುದಿಲ್ಲ. ನಿಮ್ಮ ಬಿ.ಪಿ. ಗುಳಿಗೆ ಫ್ರಿಜ್ ಮೇಲಿನ ಹಳದಿ ಡಬ್ಬಿಯಲ್ಲಿದೆ. ಅವ್ವ ಹೇಳಿದ್ದಲ್ಲ, ನಾನೇ ಹೇಳುತ್ತಿದ್ದೇನೆ. ದಾರಿಯಲ್ಲಿ ನಿಧಾನವಾಗಿ ಡ್ರೈವ್ ಮಾಡಿ. ಬಸವಣ್ಣ ನಿಮಗೆ ಬಾಯಿ ಬಿಡುವ ಧೈರ್ಯ ಕೊಡಲಿ.

ನಿಮ್ಮ ಎರಡನೆಯ ಕೂಸು,
ಶ್ರೀದೇವಿ