ಬೂದು ಕತ್ತೆಯ ಬಣ್ಣ ಬಯಲು

ಫೆಬ್ರವರಿ 5
ಆರನೇ ತರಗತಿಗೆ ಜಲವರ್ಣ. ಎಂದಿನಂತೆ ಮೂರು ಲೋಟ ನೀರು ನೆಲಕ್ಕೆ, ಅರ್ಧ ಲೋಟ ನನ್ನ ಪ್ಯಾಂಟಿಗೆ. ಒರೆಸುತ್ತಿದ್ದಾಗ ಹೆಡ್ ಮೇಡಂ ಬಂದರು. ಕೈಯಲ್ಲಿ ಒಂದು ಡಬ್ಬಿ. ಒಳಗೆ ಬೆರಳುದ್ದದ ಎಲೆಕ್ಟ್ರಾನಿಕ್ ತುಂಡುಗಳು. ತುದಿಯಲ್ಲಿ ಅಯಸ್ಕಾಂತ, ಹತ್ತಿರ ಹಿಡಿದರೆ ಟಪ್ ಎಂದು ಕಚ್ಚಿಕೊಳ್ಳುತ್ತವೆ.
“24ಕ್ಕೆ ಪ್ರದರ್ಶನ. ಇದ್ರಲ್ಲಿ ಏನಾದ್ರೂ ಅಲ್ಲಾಡೋದು ಮಾಡ್ಸಿ ಮೇಷ್ಟ್ರೇ. ಇಲ್ಲಾಂದ್ರೆ ಈ ರೂಮು ಕಂಪ್ಯೂಟರ್ ಲ್ಯಾಬಿಗೆ.”
ಇಪ್ಪತ್ತೆರಡು ವರ್ಷದ ಡ್ರಾಯಿಂಗ್ ರೂಮು. “ಆಗ್ಲಿ ಮೇಡಂ” ಅಂದೆ. ಬೇರೇನು ಹೇಳಲಿ...

ಫೆ 8
ರಟ್ಟಿನ ಕತ್ತೆ ಎಂದು ತೀರ್ಮಾನ. ಟಾರ್ಚ್ ಬಿಟ್ಟರೆ ತಲೆ ಆಡಿಸಬೇಕು. ಯಾಕಮ್ಮ ಜೋಡಿಸಿದಳು — ಎಲ್ಲದಕ್ಕೂ “ಯಾಕೆ ಸಾರ್?” ಎನ್ನುವುದರಿಂದ ಆ ಹುಡುಗಿಗೆ ನಾನಿಟ್ಟ ಹೆಸರು. ಬ್ಯಾಟರಿ, ಬೆಳಕು ಹಿಡಿಯುವ ತುಂಡು, ಮೋಟರ್. ಆಡಿತು!
ಆದರೆ ಆ ತುಂಡುಗಳ ಬಣ್ಣ! ಕೆಂಪು, ಹಳದಿ, ಗಿಳಿಹಸಿರು. ಬೂದು ಕತ್ತೆಯ ಹೊಟ್ಟೆಗೆ ಇದಾ? ಕಣ್ಣುರಿ.

ಫೆ 9
ಕತ್ತೆಯೊಳಗಿನವನ್ನೂ ಬಿಚ್ಚಿ, ಡಬ್ಬಿಯ ಅಷ್ಟೂ ತುಂಡುಗಳಿಗೆ ಬೂದು ಬಣ್ಣ ಹೊಡೆಸಿದೆ. ಎರಡು ಕೋಟು.
“ಯಾಕೆ ಸಾರ್?”
“ಹೊಂದಾಣಿಕೆ ಕಣಮ್ಮ.”
ಈಗ ಕಣ್ಣಿಗೆ ತಂಪು.

ಫೆ 12
ಕತ್ತೆ ಮಿಸುಕುತ್ತಿಲ್ಲ.

ಅದೇ ದಿನ, ಸಂಜೆ 4.30
ವಿಜ್ಞಾನದ ಮೇಡಂ ನೋಡಿದರು. ಬಾಗಿಲಾಚೆ ಹೋಗಿ ನಕ್ಕು ಬಂದರು. ಬಣ್ಣ ಅಂದಕ್ಕಲ್ಲವಂತೆ, ಗುರುತಿಗಂತೆ. ಕೆಂಪು ಕರೆಂಟು ಕೊಡುವುದು, ಹಳದಿ ನೋಡುವುದು-ಕೇಳುವುದು, ಹಸಿರು ಕೆಲಸ ಮಾಡುವುದು.
“ತುದಿಗೂ ಬಳಿದಿದ್ದೀರಲ್ಲ ಸಾರ್, ಕರೆಂಟು ಎಲ್ಲಿಂದ ಹೋಗ್ಬೇಕು?”
ಇಪ್ಪತ್ತೆರಡು ವರ್ಷ ಬಣ್ಣದ ಪಾಠ ಮಾಡಿದವನು ನಾನು. ನಾಚಿಕೆಯಾಯಿತು.

ಫೆ 22
ಹತ್ತು ದಿನ ಕೆರೆದೆವು. ತುದಿಗಳು ಹೊಳೆಯುತ್ತಿವೆ. ಮೈಮೇಲಿನ ಬಣ್ಣ ಜಪ್ಪಯ್ಯ ಅಂದರೂ ಹೋಗದು — ಒಳ್ಳೇ ಬಣ್ಣವನ್ನೇ ತಂದಿದ್ದೆ, ನನ್ನ ಕರ್ಮ. ಯಾವುದು ಯಾವುದೆಂದು ತಿಳಿಯದೆ ಅಂದಾಜಿನ ಮೇಲೆ ಒಂದೊಂದೇ ಜೋಡಿಸಿ ನೋಡಿದ್ದಾಯಿತು. ಕೊನೆಗೆ ಎಲ್ಲರೂ ಒಂದು-ಎರಡು-ಮೂರು ಎಂದು ಕಿರುಚಿ ಟಾರ್ಚ್ ಬಿಟ್ಟೆವು. ತಲೆ ಆಡಿತು!
ಮನೆಯಲ್ಲಿ ಇವಳಿಗೆ ಫೋಟೋ ತೋರಿಸಿದೆ. “ಮೂಗು ನಿಮ್ದೇ ಇಟ್ಟಿದ್ದೀರಲ್ರೀ.”

ಫೆ 24, ಸಂಜೆ
ಹೆಡ್ ಮೇಡಂ ಮೈಕ್ ಹಿಡಿದು ಕತ್ತೆಯ ಪಕ್ಕವೇ ನಿಂತರು. ಟಾರ್ಚ್ ಇನ್ನೂ ಹಚ್ಚಿರಲಿಲ್ಲ. “ಈ ರೂಮಿನಲ್ಲಿ ಮುಂದಿನ ವರ್ಷ ಕಂಪ್ಯೂಟರ್...”
ಕತ್ತೆ ಅಡ್ಡಡ್ಡ ತಲೆ ಆಡಿಸಿತು.
ಅವರು ಸುಮ್ಮನಾದರು. ಅದೂ ಸುಮ್ಮನಾಯಿತು. “ಹೊಸ ಲ್ಯಾಬು...” ಮತ್ತೆ ಅಡ್ಡಡ್ಡ.
ಆಗ ಹೊಳೆಯಿತು. ಒಳಗಿರುವುದು ಬೆಳಕಿನ ತುಂಡಲ್ಲ, ಸದ್ದಿನ ತುಂಡು! ಮೊನ್ನೆ ಆಡಿದ್ದು ನಮ್ಮ ಕಿರುಚಾಟಕ್ಕೆ. ಅಪ್ಪ-ಅಮ್ಮಂದಿರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ, ಕತ್ತೆ ನಿಲ್ಲುತ್ತಲೇ ಇಲ್ಲ.
ಹೆಡ್ ಮೇಡಂಗೂ ನಗು ಬಂತು. ಕತ್ತೆಯ ಕಿವಿಯ ಹತ್ತಿರ ಬಗ್ಗಿದರು. ಇವರು ಏನು ಕೇಳಿದರೂ ಅದು ಬೇಡ ಎನ್ನುತ್ತದೆ! ಅಷ್ಟರಲ್ಲಿ ಯಾಕಮ್ಮನ ಕೈ ಬ್ಯಾಟರಿ ಕೀಳಲು ಕತ್ತೆಯ ಹೊಟ್ಟೆಯಡಿ ಹೋಗಿತ್ತು. ಟಪ್.
“ಹಾಗಾದ್ರೆ ರೂಮು ಮೇಷ್ಟ್ರಿಗೇ ಬಿಡ್ಲೇನಪ್ಪಾ?”
ಕತ್ತೆ ಅಲ್ಲಾಡಲಿಲ್ಲ.
“ಬೇಡ ಅನ್ಲಿಲ್ಲ. ಬಿಟ್ಟೆ ಹೋಗಿ!”
ಯಾಕಮ್ಮ ನನ್ನತ್ತ ನೋಡಿದಳು. ಯಾಕೆ ಎನ್ನಲಿಲ್ಲ. ಕಣ್ಣು ತುಂಬಿಬಂತು ನನಗೆ.

ಫೆ 26
ಇನ್ನೊಂದು ಡಬ್ಬಿ ಬಂದಿದೆ. ಮುಚ್ಚಳದ ಮೇಲೆ ವಿಜ್ಞಾನದ ಮೇಡಂ ಕೈಬರಹ: ‘ಬಣ್ಣ ಹಚ್ಚಕೂಡದು.’
ಸರಿ, ಹಚ್ಚುವುದಿಲ್ಲ. ಆದರೆ ಆ ಗಿಳಿಹಸಿರು... ಒಂದೇ ಒಂದು ತುಂಡಿಗೆ, ತೆಳ್ಳಗೆ, ತುದಿ ಬಿಟ್ಟು —